ಕೊನೆಯ ಚರಣ



ಕಳೆದ ತಿಂಗಳು ರಜೆಗೆಂದು ಊರಿಗೆ ಬಂದಿದ್ದ ನನ್ನ ಮಗಳು, ರಾತ್ರಿ ಊಟವಾದ ಮೇಲೆ ನಾನು ಎಲೆ ಅಡಿಕೆ ಹಾಕಿಕೊಂಡು ಹರಿದಾಸರ ಹಾಡುಗಳ ವಿಷಯವಾಗಿ ಉಪನ್ಯಾಸವನ್ನಾರಂಭಿಸಿದುದನ್ನು ಕೇಳಿ, "ಅಪ್ಪಾ, ಇದನ್ನು ದಿನವೂ ನಮಗೇ ಹೇಳುವುದಕ್ಕಿಂತ ಒಂದು ಪಾಡ್‌ಕಾಸ್ಟ್ ಮಾಡಬಾರದೇ?" ಎಂದಳು. ಪದದ ವ್ಯುತ್ಪತ್ತಿಯನ್ನರಿಯದೆ ಪದಾರ್ಥವನ್ನು ಅಂಗೀಕರಿಸುವ ಅಭ್ಯಾಸ ನನಗಿಲ್ಲ. ವಿಚಾರಿಸಲಾಗಿ, 'ಐಪಾಡ್' ಎಂಬ ಸಂಗೀತಯಂತ್ರದ ಹೆಸರಿನ ಕಡೆಯ ಭಾಗವನ್ನೂ, ಪ್ರಸಾರವೆಂಬ ಅರ್ಥದ 'ಬ್ರಾಡ್‌ಕಾಸ್ಟ್' ಶಬ್ದದ ಕಡೆಯ ಭಾಗವನ್ನೂ ಸೇರಿಸಿ 2004ರಲ್ಲಿ ಕಟ್ಟಿದ ಸಮಾಸವಿದೆಂದು ತಿಳಿಯಿತು. ಮನೆಯಲ್ಲಿ ಕುಳಿತು ಮಾತನ್ನೋ ಹಾಡನ್ನೋ ಧ್ವನಿಮುದ್ರಿಸಿ ಕಂತುಕಂತಾಗಿ ಕಳುಹಿಸಿದರೆ, ಕೇಳುವವರು ತಮಗೆ ಬಿಡುವಾದಾಗ ಕೇಳಿಕೊಳ್ಳುವರು. ಕಣ್ಣಿಗೆ ಮಾಸಪತ್ರಿಕೆ ಹೇಗೋ ಕಿವಿಗೆ ಇದು ಹಾಗೆ.

ಮನೆಯಿಂದಲೇ ಪ್ರಸಾರ ಮಾಡುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಡಾ॥ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟದೊಂದು ಬಾನುಲಿ ನಿಲಯವನ್ನು ತೆರೆದರು. ಅದರ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ಬಾನುಲಿಗೇ ಆ ಹೆಸರು ಬಂದಿತು. ಒಬ್ಬ ಗೃಹಸ್ಥರ ಮನೆಯಲ್ಲಿ ಅಂದು ಸಾಧ್ಯವಾದುದು, ಕೈಯಲ್ಲೊಂದು ಮೊಬೈಲ್ ಇರುವ ನಮಗೆ ಇಂದು ಏಕೆ ಸಾಧ್ಯವಾಗಬಾರದು?

ವಿಷಯವನ್ನು ಕುರಿತು ಹೆಚ್ಚು ಯೋಚಿಸಬೇಕಾಗಲಿಲ್ಲ. ಪುರಂದರದಾಸರನ್ನೂ ತ್ಯಾಗರಾಜರನ್ನೂ ಅರಿಯದವರಿಲ್ಲ. ಆದರೆ 18ನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮನವರನ್ನೂ, 19ನೆಯ ಶತಮಾನದ ಹರಪನಹಳ್ಳಿ ಭೀಮವ್ವನವರನ್ನೂ ಬಲ್ಲವರೆಷ್ಟು ಮಂದಿ? ಇವರ ಹಾಡುಗಳು ಎಷ್ಟೋ ಮನೆಗಳ ಆರತಿಯಲ್ಲಿ, ಹಸೆಯಲ್ಲಿ, ತೊಟ್ಟಿಲ ಬಳಿಯಲ್ಲಿ ಬಾಳಿವೆ. ಹಾಡಿಗಿರುವ ಬಳಕೆ ಹಾಡು ಕಟ್ಟಿದವರ ಹೆಸರಿಗಿಲ್ಲ. ಕೊನೆಯ ಚರಣದಲ್ಲಿ 'ಹೆಳವನಕಟ್ಟೆ ರಂಗ' ಎಂದು ಬಂದರೆ ಅದು ಗಿರಿಯಮ್ಮನವರ ಅಂಕಿತ. 'ಭೀಮೇಶಕೃಷ್ಣ' ಎಂದು ಬಂದರೆ ಭೀಮವ್ವನವರದು. ಹೊತ್ತು ಸಾಲದೆಂದು ಕೊನೆಯ ಚರಣವನ್ನು ಬಿಟ್ಟು ಮಂಗಳ ಹಾಡುವವರು, ಹಾಡು ಕೊಟ್ಟವರನ್ನೇ ಬಾಗಿಲಲ್ಲಿ ನಿಲ್ಲಿಸಿ ಬಂದಂತೆ ಅಲ್ಲವೇ?

ಇದನ್ನೇ ಮೊದಲನೆಯ ಕಂತಾಗಿ ಮಾಡಿದೆನು. ಶಾರ್ಙ್ಗದೇವನ 'ಸಂಗೀತರತ್ನಾಕರ'ದಿಂದ ಆರಂಭಿಸಿದೆನು. ಆ ಗ್ರಂಥದಲ್ಲಿ ಹಾಡಿನ ನುಡಿಗೆ 'ಮಾತು' ಎಂದೂ, ರಾಗತಾಳಗಳ ಮಟ್ಟಿಗೆ 'ಧಾತು' ಎಂದೂ ಹೆಸರು. ಎರಡನ್ನೂ ತಾನೇ ಕಟ್ಟುವವನು ವಾಗ್ಗೇಯಕಾರ. ಅನ್ಯರ ಧಾತುವಿಗೆ ತನ್ನ ಮಾತನ್ನು ಹೊಂದಿಸುವವನು ಬರಿಯ ಕುಟ್ಟಿಕಾರ. ಇಷ್ಟನ್ನು ಹೇಳುವಷ್ಟರಲ್ಲಿ ಇಪ್ಪತ್ತು ನಿಮಿಷಗಳಾದವು. ಬಳಿಕ ಉದಾಹರಣೆಗೆಂದು, ನಮ್ಮ ಮನೆಯಲ್ಲಿ ಬಹುಕಾಲದಿಂದ ಹೇಳುತ್ತ ಬಂದ ಒಂದು ತೊಟ್ಟಿಲ ಹಾಡನ್ನೆತ್ತಿಕೊಂಡು, "ಇದರ ಶೈಲಿಯಿಂದ ಇದು ಭೀಮವ್ವನವರದೆಂದೇ ಊಹಿಸಬಹುದು, ಅಂಕಿತವಿದ್ದ ಐದನೆಯ ಚರಣವು ಕಾಲಕ್ರಮದಲ್ಲಿ ಲುಪ್ತವಾಗಿದೆ" ಎಂದು ಗಂಭೀರವಾಗಿ ನಿರ್ಣಯ ಕೊಟ್ಟೆನು. ಹಾಡಿಗೆ ದೊರೆತದ್ದು ಒಂದೇ ನಿಮಿಷ. ಮಗಳು ಮುಖದಾಕ್ಷಿಣ್ಯಕ್ಕೆ ಒಳಗಾಗದೆ, "ಪೀಠಿಕೆ ಬಹಳವಾಯಿತು, ಅಪ್ಪಾ, ಹಾಡುವವರನ್ನು ಕರೆಯಿರಿ" ಎಂದಳು.

ಆ ಹಾಡನ್ನು ಪೂರ್ತಿಯಾಗಿ ಬಲ್ಲವರು ನನ್ನ ಸೋದರತ್ತೆಯೊಬ್ಬರೇ. ಅವರಿಗೆ ಈಗ 83 ವರ್ಷ. ಒಂದು ಭಾನುವಾರ ಮಧ್ಯಾಹ್ನ ಅವರಲ್ಲಿಗೆ ಹೋದೆವು. ಹಾಸಿಗೆಗಳನ್ನು ಒಟ್ಟಿದ್ದ ಸಣ್ಣ ಕೋಣೆಯಲ್ಲಿ ಅವರನ್ನು ಕೂರಿಸಿ, ನನ್ನ ಮುದ್ರಿಕೆಯನ್ನು ಮೊದಲು ಕೇಳಿಸಿದೆವು. 'ಲುಪ್ತವಾಗಿದೆ' ಎಂಬಲ್ಲಿಗೆ ಬರುತ್ತಲೇ ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗತೊಡಗಿದರು.

"ಲುಪ್ತವೂ ಇಲ್ಲ, ಗಿಪ್ತವೂ ಇಲ್ಲ ಕಣೋ. ನಾನು ಮಾಡಿದ್ದೇ ನಾಲ್ಕು ನುಡಿ. ಅಷ್ಟು ಹೊತ್ತಿಗೆ ಹಿಟ್ಟು ನುಣ್ಣಗಾಗಿತ್ತು."

ನಾನು ಬೆಪ್ಪಾದೆನು. ಅದು ನನ್ನ ನಾಮಕರಣಕ್ಕಾಗಿ ಕಟ್ಟಿದ ಹಾಡಂತೆ! ಹಿಂದಿನ ದಿನ ರುಬ್ಬುವ ಕಲ್ಲಿನ ಮುಂದೆ ಕುಳಿತಾಗ, ಅವರ ತಾಯಿ ಹೇಳುತ್ತಿದ್ದ ಲಕ್ಷ್ಮಿಯ ಆರತಿ ಹಾಡಿನ ಮಟ್ಟು ನೆನಪಿಗೆ ಬಂದು, ಗುಂಡು ತಿರುಗಿದಂತೆ ಮಾತುಗಳೂ ಕೂಡಿಕೊಂಡವಂತೆ. ಅರುವತ್ತು ವರ್ಷಗಳಿಂದ ಕೇಳಿದ ಹಾಡು ಯಾರದೆಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಮಕ್ಕಳಿಗೆ ಕವಿಕಾಲನಿರ್ಣಯವನ್ನು ಬಾಯಿಪಾಠ ಮಾಡಿಸಿದ ಮೇಷ್ಟರ ಪಾಂಡಿತ್ಯವೆಂದರೆ ಇಷ್ಟೇ! ಸೋಲನ್ನು ಮುಚ್ಚಿಕೊಳ್ಳುವುದಕ್ಕೆಂದೋ ಏನೋ, "ಹಾಗಾದರೆ ಅತ್ತೆ, ಮಟ್ಟು ಬೇರೆಯವರದಾದ್ದರಿಂದ ಶಾಸ್ತ್ರದ ಪ್ರಕಾರ ನೀವು ಕುಟ್ಟಿಕಾರರು" ಎಂದುಬಿಟ್ಟೆನು. ಆಡಿದೊಡನೆಯೇ ನಾಲಗೆ ಕಚ್ಚಿಕೊಂಡೆನು. ಅವರಾದರೋ ಕ್ಷಣಕಾಲ ನನ್ನನ್ನೇ ನೋಡಿ, "ಶಾಸ್ತ್ರದಲ್ಲಿ ನನ್ನಂಥವಳಿಗೂ ಒಂದು ಹೆಸರಿದೆಯೇ?" ಎಂದು ಕೇಳಿದರು. ಆ ಮುಖದಲ್ಲಿದ್ದ ಸಂತೋಷವನ್ನು ನಾನು ಮರೆಯಲಾರೆನು.

ಬಳಿಕ ಅತ್ತೆ ಹಾಡಿದರು. ಸ್ವರ ನಡುಗಿತು, ಮೂರನೆಯ ಚರಣದಲ್ಲಿ ಉಸಿರು ನಿಂತು ಮತ್ತೆ ಮೊದಲಿನಿಂದ ಎತ್ತಿಕೊಂಡರು. ಆ ಭಾಗವನ್ನು ನಾವು ತೆಗೆಯಲಿಲ್ಲ. ಹಾಡು ಮುಗಿದ ಮೇಲೆ ಮಗಳು, "ಅಜ್ಜೀ, ಈಗ ನಿಮ್ಮ ಹೆಸರು ಹೇಳಿ" ಎಂದಳು.

ಇದಕ್ಕೂ ಒಂದು ಪೂರ್ವಕಥೆಯುಂಟು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯು ಗ್ರಾಮಫೋನಿಗೆ ಹಾಡಿದರು. ಮೂರು ನಿಮಿಷದಷ್ಟೇ ಅವಕಾಶವಿದ್ದ ಆ ತಟ್ಟೆಗಳ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರಿ ಹೇಳಿದ್ದಾರೆ. ಅಚ್ಚನ್ನು ಜರ್ಮನಿಗೆ ಕಳುಹಿಸಿ ತಟ್ಟೆಗಳನ್ನು ಒತ್ತಿಸಬೇಕಾಗಿತ್ತು; ಅಲ್ಲಿಯ ಕೆಲಸಗಾರರಿಗೆ ಹಾಡಿದವರಾರೆಂದು ತಿಳಿಯಲೆಂದೇ ಈ ಏರ್ಪಾಡು. ಆಕೆ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ದಾಸರು ಹಾಡಿನೊಳಗೆ ಅಂಕಿತವನ್ನಿಟ್ಟರು. ಈಕೆ ಹಾಡಿನ ಹೊರಗೆ ಇಟ್ಟರು.

ಅತ್ತೆ ಹಿಂದೆ ಮುಂದೆ ನೋಡಿದರು. ಇಂಥವರ ಮಗಳು, ಇಂಥವರ ಹೆಂಡತಿ, ಇಂಥವರ ತಾಯಿ ಎಂದೇ ಆಯುಷ್ಯವನ್ನು ಕಳೆದ ಜೀವ. ಕಡೆಗೆ, ತವರಿನಲ್ಲಿ ಇಟ್ಟ ಹೆಸರನ್ನು ಮೆಲ್ಲಗೆ ಹೇಳಿ, "ಈ ಹಾಡು ನಾನು ಕಟ್ಟಿದ್ದು" ಎಂದರು. ನಮ್ಮ ಕಂತಿನಲ್ಲಿ ಐದನೆಯ ಚರಣವೆಂದರೆ ಅದೇ. ಮನೆಯವರಿಗಲ್ಲದೆ ಹೊರಗೆ ಕೇಳಿಸಕೂಡದೆಂದು ಅವರು ವಿಧಿಸಿದುದರಿಂದ ಅದು ಬಂಧುಗಳ ಮೊಬೈಲುಗಳಿಗೆ ಮಾತ್ರ ಹೋಗಿದೆ. ಅವರ ಹೆಸರನ್ನು ನಾನು ಇಲ್ಲಿಯೂ ಬರೆಯುವಂತಿಲ್ಲ. ಭೀಮವ್ವನವರನ್ನು ಕುರಿತ ಮೊದಲನೆಯ ಕಂತನ್ನು ತಿದ್ದಿ, ಹತ್ತು ನಿಮಿಷಕ್ಕೆ ಇಳಿಸಿ, ಎಲ್ಲರಿಗೂ ತೆರೆದಿಟ್ಟಿದ್ದೇವೆ.

ಈ ಕೆಲಸಕ್ಕೆ ಕೈಯಿಕ್ಕುವ ಗೃಹಸ್ಥರಿಗೆ ಅನುಭವದಿಂದ ಕೆಲವು ಮಾತು. ಬರಿಯ ಗೋಡೆಯ ಹಜಾರ ಬೇಡ, ಮಾರ್ದನಿ ಬರುವುದು. ಹಾಸಿಗೆ, ಬಟ್ಟೆ, ಪುಸ್ತಕಗಳಿರುವ ಸಣ್ಣ ಕೋಣೆಯೇ ಮೇಲು. ಫ್ಯಾನನ್ನು ನಿಲ್ಲಿಸತಕ್ಕದ್ದು. ನಡುವೆ ಕರೆ ಬಾರದಂತೆ ಮೊಬೈಲಿಗೆ ಕಟ್ಟುಮಾಡಿ, ಬಾಯಿಂದ ಗೇಣುದೂರದಲ್ಲಿ ಸ್ವಲ್ಪ ಓರೆಯಾಗಿಡಬೇಕು. ನೇರವಾಗಿಟ್ಟರೆ ಪಕಾರ ಬಕಾರಗಳ ಉಸಿರು ಬಡಿಯುವುದು. ಅರ್ಧ ನಿಮಿಷ ಮುದ್ರಿಸಿ ಕೇಳಿ ನೋಡಿಯೇ ಮುಂದುವರಿಯುವುದು. ಹಾಡು ಯಾರದು, ಮಟ್ಟು ಎಲ್ಲಿಯದು, ಯಾರಿಂದ ಕಲಿತದ್ದು, ಯಾವ ಊರು, ಯಾವ ದಿನ—ಇವನ್ನು ಧ್ವನಿಯಲ್ಲಿಯೂ ಕಾಗದದಲ್ಲಿಯೂ ಇಡತಕ್ಕದ್ದು. ಮುದ್ರಿಕೆಯ ಪ್ರತಿಯನ್ನು ಎರಡು ಕಡೆ ಕಾಪಾಡತಕ್ಕದ್ದು. ನಮ್ಮ ದೇಶದ 1957ರ ಕೃತಿಸ್ವಾಮ್ಯದ ಕಾನೂನಿನಂತೆ ಕರ್ತೃವಿನ ಜೀವಿತಕಾಲವೂ ಅನಂತರದ 60 ವರ್ಷಗಳೂ ಹಾಡಿಗೆ ರಕ್ಷಣೆಯುಂಟು. ಆದುದರಿಂದ ಭೀಮವ್ವನವರ ಹಾಡನ್ನು ಯಾರೂ ಹಾಡಬಹುದು; ಆದರೆ ಇಂದಿನ ಗಾಯಕರು ಹಾಡಿದ ಧ್ವನಿಮುದ್ರಿಕೆಯ ತುಣುಕನ್ನು ಕೇಳದೆ ಎತ್ತಿಕೊಳ್ಳಲಾಗದು. ಎಲ್ಲಕ್ಕಿಂತ ಮಿಗಿಲಾಗಿ, ಹಾಡಿದವರ ಒಪ್ಪಿಗೆಯನ್ನು ಪಡೆದು, ಅವರು ಎಷ್ಟು ದೂರ ಒಪ್ಪಿದರೋ ಅಷ್ಟೇ ದೂರ ಕಳುಹಿಸತಕ್ಕದ್ದು.

ನಿಮ್ಮ ಮನೆಗಳಲ್ಲಿಯೂ ಅಂಕಿತವಿಲ್ಲದ ಹಾಡೊಂದು ಇದ್ದೀತು. ಉರುಟಣೆಯದೋ, ಬೀಗರನ್ನು ಹಾಸ್ಯಮಾಡುವುದೋ, ತೊಟ್ಟಿಲಿನದೋ ಇರಬಹುದು. ಅದು ಯಾವ ದಾಸರದೆಂದು ಗ್ರಂಥಗಳನ್ನು ಹುಡುಕುವ ಮೊದಲು, ಒಳಗೆ ಹೋಗಿ ಹಾಡುವವರನ್ನು ಒಂದು ಮಾತು ಕೇಳಿರಿ. ನಾನು ಕೇಳುವುದಕ್ಕೆ ಅರುವತ್ತು ವರ್ಷ ತಡಮಾಡಿದೆನು. ದೈವಕೃಪೆಯಿಂದ ಉತ್ತರ ಹೇಳುವವರು ಇನ್ನೂ ಇದ್ದರು.