ಪಲ್ಲೆಗೆ ಎರಡು ಸಾಲು ಬಿಡ್ರಿ

ಶಹರದ ದೊಡ್ಡ ಅಂಗಡಿಗಳಲ್ಲಿ ಆಸ್ಪರಾಗಸ್ ಎಂಬ ಎಳೆ ದಂಟನ್ನು ಸಣ್ಣ ಕಟ್ಟು ಮಾಡಿ ತುಟ್ಟಿ ಬೆಲೆಗೆ ಮಾರುತ್ತಾರೆ. ಹಚ್ಚಿದ ಮೇಲೆ ಸರಿಯಾಗಿ ಕೊಯ್ಯಲು ಎರಡು-ಮೂರು ವರ್ಷ ಕಾಯಬೇಕು. ನಾವು ಬೇರನ್ನು ಔಷಧಕ್ಕೆ ಬಳಸುವ ಶತಾವರಿಯೂ ಅದೇ ಕುಲದ್ದು.

ನವಲಗುಂದ, ಅಣ್ಣಿಗೇರಿಯ ಎರಿ ಹೊಲದವರಿಗೆ ಅಷ್ಟು ಕಾಯುವ ಕೆಲಸವಿಲ್ಲ. ಹಿಂಗಾರಿ ಕಡ್ಲಿ ಬಿತ್ತಿ ತಿಂಗಳಾದರೆ ಕುಡಿ ಕೈಗೆ ಬರುತ್ತದೆ. ಹೂವಿಗೆ ಮೊದಲು ಚಿವುಟಿದರೆ ಗಿಡಕ್ಕೆ ನಷ್ಟವಿಲ್ಲ, ಟೊಂಗೆ ಹೆಚ್ಚು ಒಡೆಯುತ್ತವೆ. ಕೃಷಿ ವಿಜ್ಞಾನಿಗಳೂ ಇದನ್ನೇ ಹೇಳುತ್ತಾರೆ. ಪಲ್ಲೆಗೆ ಹುಣಸೆಹಣ್ಣು ಬೇಡ, ಎಲೆಯ ಮೇಲಿನ ಹುಳಿಯೇ ಸಾಕು. ತೊಗರಿ ಬ್ಯಾಳಿ, ಹಸಿಮೆಣಸಿನಕಾಯಿ, ಬಳ್ಳೊಳ್ಳಿ ಒಗ್ಗರಣೆ, ಬಿಸಿ ಜೋಳದ ರೊಟ್ಟಿ. (ಮೇಲೊಂದಿಷ್ಟು ಶೇಂಗಾ ಎಣ್ಣೆ ಇದ್ದರೆ ಕೇಳುವುದೇ ಬೇಡ.) ಹೆಚ್ಚಾದದ್ದನ್ನು ಒಣಗಿಸಿಟ್ಟರೆ ಬ್ಯಾಸಿಗಿಗೂ ಆಗುತ್ತದೆ.

ಹುಳಿ ಹೋದೀತೆಂದು ಹಿರಿಯರು ಈ ಪಲ್ಲೆಯನ್ನು ತೊಳೆಯುತ್ತಲೇ ಇರಲಿಲ್ಲ. ಈಗ ಹಾಗೆ ತಿನ್ನುವ ಧೈರ್ಯ ಯಾರಿಗಿದೆ? ಕೀಡೆಗೆ ಹೊಡೆದ ಔಷಧ ಇರುವುದೂ ಅದೇ ಎಲೆಯ ಮೇಲೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ಕಳೆನಾಶಕ ಬಂದ ಮೇಲೆ ಸಾಲಿನ ನಡುವೆ ತಾನಾಗಿ ಹುಟ್ಟುತ್ತಿದ್ದ ಹಕ್ಕರಕಿಯೂ ಕಡಿಮೆ.

ಹೊಡೆಯಲೇಬೇಡಿ ಎಂದು ನಾವು ಹೇಳುವುದಿಲ್ಲ. ಕಾಯಿಕೊರಕ ಬಿದ್ದ ಹೊಲ ನೋಡಿದವರು ಹಾಗೆ ಹೇಳಲಾರರು. ಗಾಳಿ ಬರುವ ಕಡೆಯ ಬದುವಿಗೆ ನಾಲ್ಕು ಸಾಲು ಔಷಧವಿಲ್ಲದೆ ಬಿಡಿ, ಕನಿಷ್ಠ ಎರಡು. ಕೀಡೆ ತಿಂದರೆ ನಾಲ್ಕು ಸೇರು ಕಡ್ಲಿ ಹೋದಾವು, ಅಷ್ಟೇ. ಉಳಿದ ಹೊಲಕ್ಕೆ ಹೊಡೆದ ದಿನ ಬದುವಿನ ಮೇಲೆ ಕೆಂಪು ಅರಿವೆ ಕಟ್ಟಿ. ಕುಡಿ ಚಿವುಟಲು ಉಡಿ ಕಟ್ಟಿಕೊಂಡು ಬರುವ ಹೆಣ್ಣುಮಕ್ಕಳಿಗೆ ದೂರದಿಂದಲೇ ಕಾಣಲಿ.