ಕ್ಲಿಪ್‌ಗೆ ಮೊದಲು ಚೀಟಿ

ಹೃದ್ರೋಗವಿರುವ ಮಕ್ಕಳ ತಂದೆತಾಯಂದಿರೇ, ದಂತವೈದ್ಯರೇ,

"ಹಾರ್ಟಿನಲ್ಲಿ ತೂತಿತ್ತು, ಆಪರೇಷನ್ ಆಗಿದೆ" ಎಂದೊಡನೆ ಕೆಲವು ಕ್ಲಿನಿಕ್ಕುಗಳಲ್ಲಿ "ಹಾಗಾದರೆ ಹಲ್ಲಿಗೆ ಕ್ಲಿಪ್ ಬೇಡ" ಎಂದು ಮಗುವನ್ನು ವಾಪಸು ಕಳಿಸುತ್ತಾರೆ. ಅದಕ್ಕೆ ಹೆದರಿ ಕೆಲವು ಮನೆಯವರು ಹೃದಯದ ವಿಷಯವನ್ನೇ ಮುಚ್ಚಿಡುತ್ತಾರೆ. ಮೊದಲನೆಯದು ಅನ್ಯಾಯ, ಎರಡನೆಯದು ಅಪಾಯ.

ಕ್ಲಿನಿಕ್ಕುಗಳ ಭಯಕ್ಕೆ ಕಾರಣವಿಲ್ಲದಿಲ್ಲ. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕಿಳಿದು ಕೆಟ್ಟ ಕವಾಟದ ಮೇಲೋ ಕೃತಕ ಕವಾಟದ ಮೇಲೋ ಕೂತರೆ ಎಂಡೊಕಾರ್ಡೈಟಿಸ್ ಎಂಬ ಪ್ರಾಣಾಂತಿಕ ಸೋಂಕು ಆಗಬಹುದು. ಆದರೆ ವಸಡು ಊದಿದ್ದರೆ ಹಲ್ಲುಜ್ಜುವಾಗ, ಅಗಿಯುವಾಗಲೂ ಅವು ದಿನವೂ ರಕ್ತ ಸೇರುತ್ತಿರುತ್ತವೆ. ಮುಖ್ಯವಾಗಿ ಈ ಕಾರಣಕ್ಕೇ 2007ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹಲ್ಲಿನ ಚಿಕಿತ್ಸೆಗೆ ಮುನ್ನ ಮುಂಜಾಗ್ರತೆಗೆಂದು ಕೊಡುವ ಆಂಟಿಬಯಾಟಿಕ್ಕನ್ನು ಕೃತಕ ಕವಾಟದವರು, ಹಿಂದೆ ಈ ಸೋಂಕು ಬಂದವರು, ಕೆಲವು ಬಗೆಯ ಹುಟ್ಟು ಹೃದ್ರೋಗದವರು ಮುಂತಾದ ಅತಿ ಅಪಾಯದವರಿಗೆ ಸೀಮಿತಗೊಳಿಸಿತು. ಬ್ರಾಕೆಟ್ ಅಂಟಿಸಲು, ತಂತಿ ಬಿಗಿಯಲು ಅವರಿಗೂ ಅದು ಬೇಡ. ವಸಡಿನಂಚಿಗೆ ಒತ್ತಿ ಕೂರಿಸುವ ಉಕ್ಕಿನ ಬ್ಯಾಂಡಿಗೆ ಬೇಕು. ಬ್ಯಾಂಡ್ ಬದಲು ಅಂಟಿಸುವ ಟ್ಯೂಬ್ ಬಳಸಿದರೆ ಆ ತಾಪತ್ರಯವೂ ತಪ್ಪುತ್ತದೆ.

ಆದ್ದರಿಂದ ನಮ್ಮ ಒತ್ತಾಯ ಇಷ್ಟೇ. ಯಾವ ಕಾಯಿಲೆ, ಯಾವ ಆಪರೇಷನ್, ಯಾವ ಮಾತ್ರೆ, ಆಂಟಿಬಯಾಟಿಕ್ ಬೇಕೇ ಬೇಡವೇ ಎಂಬುದನ್ನು ಹೃದಯ ವೈದ್ಯರು ಒಂದು ಪುಟದಲ್ಲಿ ಬರೆದುಕೊಡಲಿ. 'ಫಿಟ್' ಎಂದಷ್ಟೇ ಗೀಚಿದ ಚೀಟಿ ಯಾರಿಗೂ ಉಪಯೋಗವಿಲ್ಲ. ರುಮ್ಯಾಟಿಕ್ ಜ್ವರ ಬಂದು 21 ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿಕೊಳ್ಳುವವರು ಅದನ್ನೂ ಹೇಳಬೇಕು: ಅವರ ಬಾಯಿಯ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಬಗ್ಗದಿರಬಹುದು, ಆಂಟಿಬಯಾಟಿಕ್ ಬೇಕಾದರೆ ಬೇರೆ ಗುಂಪಿನದು ಕೊಡಬೇಕಾಗುತ್ತದೆ. ವಸಡಿನಲ್ಲಿ ರಕ್ತ ಬರುತ್ತಿದ್ದರೆ ಮೊದಲು ಕ್ಲೀನಿಂಗ್ ಆಗಲಿ, ಕ್ಲಿಪ್ ಕಾಯಲಿ.

ಕೆಲವರಿಗೆ ಕ್ಲಿಪ್ ಜೊತೆಗೆ ಬೇಕಾಗುವ ದವಡೆ ಆಪರೇಷನ್‌ನ ಲೆಕ್ಕವೇ ಬೇರೆ. ಪೂರ್ತಿ ಅರಿವಳಿಕೆ, ಗಂಟೆಗಟ್ಟಲೆ ಕೆಲಸ. ರಕ್ತ ಕಡಿಮೆ ಹೋಗಲೆಂದು ಬಿಪಿ ಇಳಿಸುವುದೂ ಉಂಟು. ಎಲ್ಲ ಹೃದಯಗಳೂ ಅದನ್ನು ತಾಳವು. ಹೃದಯ ವಿಭಾಗ, ಐಸಿಯು ಎರಡೂ ಇರುವ ಆಸ್ಪತ್ರೆಯಲ್ಲೇ ಮಾಡಿಸಿ. ಬರೀ ಅಂದಕ್ಕಾಗಿ ಎಂದಾದರೆ, ಹೃದಯ ವೈದ್ಯರು ಬೇಡವೆಂದ ಮೇಲೆ ಹಟ ಹಿಡಿಯಬೇಡಿ. ರಕ್ತ ಹೆಪ್ಪುಗಟ್ಟದಿರಲು ಕೊಡುವ ಅಸಿಟ್ರಾಂ, ವಾರ್ಫರಿನ್‌ನಂಥ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂಬೇಡಿ. ಕೃತಕ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಸಂಚಕಾರ. ರಕ್ತ ಹೆಪ್ಪುಗಟ್ಟುವ ವೇಗ ತಿಳಿಸುವ ಐಎನ್‌ಆರ್ ಪರೀಕ್ಷೆ ನೋಡಿ ವೈದ್ಯರೇ ತೀರ್ಮಾನಿಸಲಿ.

ಕ್ಲಿಪ್ ಇರುವಾಗ ಕಾರಣ ತಿಳಿಯದ ಜ್ವರ ನಾಲ್ಕೈದು ದಿನವಾದರೂ ಬಿಡದಿದ್ದರೆ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ನುಂಗಿಸಬೇಡಿ. ಬ್ಲಡ್ ಕಲ್ಚರ್‌ಗೆ ಮುಂಚೆ ಮಾತ್ರೆ ಕೊಟ್ಟರೆ ರೋಗಾಣು ಪತ್ತೆಯಾಗುವುದು ಕಷ್ಟ. ನೇರ ಹೃದಯ ವೈದ್ಯರ ಬಳಿ ಹೋಗಿ, ಅವರು ಬರೆದುಕೊಟ್ಟ ಆ ಒಂದು ಪುಟದ ಚೀಟಿಯನ್ನೂ ಒಯ್ಯಿರಿ.