ಕಾರಿನ ಕೂಗು ಮತ್ತು ನಮ್ಮ ಹೊಣೆ

ಹಳ್ಳಿಯಲ್ಲಿ ಕೋಳಿ ಕೂಗಿದರೆ ಬೆಳಗಾಗುತ್ತದೆ ಎನ್ನುವರು. ದೆಹಲಿಯಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಾದ ನಮ್ಮನ್ನು ಎಬ್ಬಿಸುವುದು ಕೋಳಿಯಲ್ಲ, ಕಾರು. ಅದೂ ಬೆಳಗಾಗುವ ಮೊದಲೇ.

ಕಳೆದ ಚಳಿಗಾಲದ ಒಂದು ರಾತ್ರಿ, ಸುಮಾರು ಎರಡು ಗಂಟೆಯ ಸಮಯ. ನಮ್ಮ ಬೀದಿಯಲ್ಲಿ ನಿಂತಿದ್ದ ಕಾರೊಂದು ಇದ್ದಕ್ಕಿದ್ದಂತೆ ಬೊಬ್ಬೆಯಿಡತೊಡಗಿತು. ಪರೀಕ್ಷೆಗೆಂದು ಓದುತ್ತ ಪುಸ್ತಕದ ಮೇಲೆಯೇ ತೂಕಡಿಸುತ್ತಿದ್ದ ನಾವು ಬೆಚ್ಚಿಬಿದ್ದೆವು. ಪಕ್ಕದ ಮನೆಯ ಕೂಸು ಅಳತೊಡಗಿತು. ಆದರೆ ಕಿಟಕಿ ತೆರೆದು ನೋಡಿದವರು ಒಬ್ಬರೂ ಇಲ್ಲ. ನಾವೂ ನೋಡಲಿಲ್ಲ. “ಬೆಕ್ಕು ಹಾರಿರಬೇಕು” ಎಂದುಕೊಂಡು ರಜಾಯಿಯನ್ನು ಕಿವಿಯ ಮೇಲೆ ಎಳೆದುಕೊಂಡೆವು. ಬೆಳಿಗ್ಗೆ ನೋಡಿದರೆ ಆ ಕಾರಿನ ಗಾಜು ಒಡೆದಿತ್ತು. ಒಳಗಿದ್ದ ಚೀಲ ಕಳುವಾಗಿತ್ತು. ಯಂತ್ರವು ತನ್ನ ಕರ್ತವ್ಯವನ್ನು ಮಾಡಿತ್ತು. ಮಾಡದೆ ಉಳಿದವರು ನಾವು.

ಹೀಗೇಕಾಯಿತು? “ಹುಲಿ ಬಂತು ಹುಲಿ” ಎಂದು ಸುಮ್ಮಸುಮ್ಮನೆ ಕೂಗಿದ ಹುಡುಗನ ಕಥೆಯನ್ನು ನಾವೆಲ್ಲರೂ ಬಲ್ಲೆವು. ನಮ್ಮ ಬೀದಿಯ ಕಾರುಗಳು ಆ ಹುಡುಗನ ವಂಶದವು. ಕಾರಿನ ಅಲಾರಂ ಎಂಬುದು ಬಾಗಿಲು ತೆರೆದುದನ್ನು ತಿಳಿಯುವ ಗುಂಡಿಗಳು, ಅದುರನ್ನು ಅರಿಯುವ ಒಂದು ಸಾಧನ, ಕೂಗುವ ಒಂದು ಸೈರನ್ನು, ಇವಿಷ್ಟರ ಕೂಟ. ಅದುರನ್ನು ಅರಿಯುವ ಸಾಧನಕ್ಕೆ ಕಳ್ಳನ ಕೈಯೂ ಒಂದೇ, ಗುಡುಗೂ ಒಂದೇ, ದೀಪಾವಳಿಯ ಪಟಾಕಿಯೂ ಒಂದೇ, ಹುಡುಗರ ಕ್ರಿಕೆಟ್ ಚೆಂಡೂ ಒಂದೇ. ಅದರ ಸೂಕ್ಷ್ಮತೆಯನ್ನು ತಕ್ಕಷ್ಟಕ್ಕೆ ಇಳಿಸಿಡಬೇಕಾದವನು ಒಡೆಯ. ಅವನು ಅದನ್ನು ಮಾಡದಿದ್ದರೆ ಸೈರನ್ನು ದಿನವೂ ಸುಳ್ಳು ಹೇಳುತ್ತದೆ; ನೆರೆಹೊರೆಯ ಕಿವಿ ದಿನದಿನಕ್ಕೆ ಕಿವುಡಾಗುತ್ತದೆ. ಕೊನೆಗೆ ನಿಜವಾದ ಕಳ್ಳ ಬಂದಾಗ ಆ ಕಿವುಡೇ ಅವನಿಗೆ ಬೆಂಬಲವಾಗುತ್ತದೆ. ಆದುದರಿಂದ ಸುಳ್ಳು ಕೂಗು ನೆರೆಯವರಿಗೆ ಮಾತ್ರ ಕೇಡಲ್ಲ, ಒಡೆಯನಿಗೂ ಕೇಡು.

ಈ ಕೂಗಿಗೆ ಒಂದು ಮಿತಿಯುಂಟು. ೨೦೦೦ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಗಳಲ್ಲಿ ಹಗಲು ೫೫ ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ೪೫ ಡೆಸಿಬೆಲ್ ಎಂದು ಗೊತ್ತುಮಾಡಿವೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನೂರು ಮೀಟರು ನಿಶ್ಶಬ್ದ ವಲಯವಾಗಬಹುದೆಂದೂ ಅವು ಹೇಳುತ್ತವೆ. ಓದುವವನಿಗೂ ಮಲಗಿದ ರೋಗಿಗೂ ಮೌನದ ಮೇಲೆ ಹಕ್ಕಿದೆ ಎಂಬುದೇ ಈ ನಿಯಮದ ತಾತ್ಪರ್ಯವಲ್ಲವೇ?

ಅಲಾರಮಿನ ಜೊತೆಗೆ ಈಗ ಅದರ ತಮ್ಮನೂ ಬಂದಿದ್ದಾನೆ. ಅವನೇ ರಿಮೋಟ್ ಸ್ಟಾರ್ಟರ್. ಹಿಂದೆ ಕಾರನ್ನು ಹೊರಡಿಸಲು ಅದರ ಮುಂದೆ ನಿಂತು ಕಬ್ಬಿಣದ ಹ್ಯಾಂಡಲನ್ನು ತಿರುಗಿಸಬೇಕಾಗಿತ್ತು. ಅಂಬಾಸಿಡರ್ ಕಾರಿನ ತಯಾರಿಕೆ ೨೦೧೪ರಲ್ಲಿ ನಿಂತಿತು. ಅದರ ಹಳೆಯ ಮಾದರಿಗಳನ್ನು ಹಾಗೆ ತಿರುಗಿಸಿದ ನೆನಪು ನಮ್ಮ ತಾತಂದಿರಿಗೆ ಇನ್ನೂ ಇದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಇಂಜಿನಿಯರರು ರೂಪಿಸಿದ ವಿದ್ಯುತ್ ಸ್ಟಾರ್ಟರು ೧೯೧೨ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತು. ಅಲ್ಲಿಂದ ಮುಂದೆ ಕಾರಿನೊಳಗೆ ಕುಳಿತೇ ಅದನ್ನು ಹೊರಡಿಸುವುದು ಸಾಧ್ಯವಾಯಿತು. ಈಗ ಮೂರನೆಯ ಮಹಡಿಯಲ್ಲಿ ಚಹಾ ಕುಡಿಯುತ್ತ ಗುಂಡಿಯೊತ್ತಿದರೆ ಕೆಳಗೆ ಇಂಜಿನು ಗುರುಗುಟ್ಟುತ್ತದೆ. ಕೈಯು ಹಂತಹಂತವಾಗಿ ಯಂತ್ರದಿಂದ ದೂರವಾಯಿತು. ಕೈ ದೂರವಾದಂತೆ ಕಣ್ಣೂ ದೂರವಾಯಿತು. ನಮ್ಮ ಆತಂಕವಿರುವುದು ಇಲ್ಲಿಯೇ.

ಈ ಸಾಧನದಿಂದ ಉಪಯೋಗವೇ ಇಲ್ಲವೆಂದು ನಾವು ವಾದಿಸುವುದಿಲ್ಲ. ಮೇ ಜೂನ್ ತಿಂಗಳುಗಳಲ್ಲಿ ದೆಹಲಿಯ ಬಿಸಿಲು ೪೫ ಡಿಗ್ರಿಯನ್ನು ಮುಟ್ಟಿದಾಗ ಮುಚ್ಚಿದ ಕಾರು ಕಾದ ಕುಲುಮೆಯಂತಿರುತ್ತದೆ. ವಯಸ್ಸಾದ ಅಜ್ಜಿಯನ್ನು ಅದರೊಳಗೆ ಕೂರಿಸುವ ಮೊದಲು ತಂಪುಮಾಡಬೇಕೆನ್ನುವುದು ದಯೆಯೇ ಸರಿ. ಆದರೆ ಮೇಲಿನಿಂದ ಗುಂಡಿಯೊತ್ತಿದವನಿಗೆ ಕೆಳಗೆ ಏನಿದೆಯೆಂದು ಕಾಣುವುದೇ? ನಮ್ಮ ನಗರದ ಅನೇಕ ಮನೆಗಳಲ್ಲಿ ನೆಲಮಟ್ಟವೆಲ್ಲ ಕಂಬಗಳ ನಡುವೆ ಕಾರು ನಿಲ್ಲಿಸುವ ಸ್ಥಳ. ಅದರ ಮೇಲೆಯೇ ಮಲಗುವ ಕೋಣೆಗಳ ಕಿಟಕಿಗಳು. ಪೆಟ್ರೋಲ್ ಇಂಜಿನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕು ಬಲವಾಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಅದು ಪ್ರಾಣವನ್ನೇ ತೆಗೆಯಬಲ್ಲುದು.

ಇನ್ನೊಂದು ಅಪಾಯವೂ ಉಂಟು. ಇಳಿಜಾರಿನಲ್ಲಿ ಕಾರನ್ನು ಗೇರಿನಲ್ಲಿಟ್ಟು ನಿಲ್ಲಿಸುವ ಅಭ್ಯಾಸ ಹಲವರಿಗಿದೆ. ಗೇರಿನಲ್ಲಿದೆಯೇ ಇಲ್ಲವೇ ಎಂದು ಪರೀಕ್ಷಿಸದ ಅಗ್ಗದ ಸ್ಟಾರ್ಟರನ್ನು ಅಂತಹ ಕಾರಿಗೆ ಜೋಡಿಸಿದರೆ ಗುಂಡಿಯೊತ್ತಿದ ಕ್ಷಣ ಅದು ಮುಂದಕ್ಕೆ ನೆಗೆಯಬಹುದು. ಅದರ ಮುಂದೆ ಮಗುವೊಂದು ಆಡುತ್ತಿದ್ದರೆ? ನಮ್ಮ ದೇಶದ ೧೯೮೮ರ ಮೋಟಾರು ವಾಹನ ಕಾಯಿದೆಯ ೧೨೬ನೆಯ ಕಲಮು ಇದನ್ನು ಮೊದಲೇ ಯೋಚಿಸಿದಂತಿದೆ. ಸಾರ್ವಜನಿಕ ಸ್ಥಳದಲ್ಲಿ ನಿಂತ ವಾಹನದ ಚಾಲಕನ ಪೀಠದಲ್ಲಿ ಪರವಾನಗಿಯುಳ್ಳವನು ಕುಳಿತಿರಬೇಕು. ಇಲ್ಲವೇ ಇಂಜಿನನ್ನು ನಿಲ್ಲಿಸಿ ವಾಹನವು ತಾನಾಗಿ ಚಲಿಸದಂತೆ ಭದ್ರಪಡಿಸಿರಬೇಕು. ಬೀದಿಬದಿಯಲ್ಲಿ ಯಾರೂ ಇಲ್ಲದ ಕಾರನ್ನು ಮಹಡಿಯಿಂದ ಹೊರಡಿಸುವುದು ಈ ಕಲಮಿನ ಆಶಯಕ್ಕೆ ಒಪ್ಪುವುದಿಲ್ಲ.

ಇದಲ್ಲದೆ, ನಮ್ಮ ನಗರದ ಗಾಳಿಯ ಸ್ಥಿತಿಯನ್ನು ನಾವು ಮರೆಯುವಂತಿಲ್ಲ. ಚಳಿಗಾಲದ ಹೊಗೆಮಂಜಿನಲ್ಲಿ ಶಾಲೆಗಳನ್ನೇ ಮುಚ್ಚಿದ ದಿನಗಳನ್ನು ಕಂಡವರು ನಾವು. ಕೆಂಪು ದೀಪದ ಬಳಿ ಇಂಜಿನು ನಿಲ್ಲಿಸಿರೆಂದು ದೆಹಲಿ ಸರ್ಕಾರವು ೨೦೨೦ರಲ್ಲಿ ಒಂದು ಆಂದೋಲನವನ್ನೇ ನಡೆಸಿತು. ಕೂಡುರಸ್ತೆಯಲ್ಲಿ ಅರೆನಿಮಿಷ ಇಂಜಿನು ನಿಲ್ಲಿಸುವವನು ಮನೆಯ ಕೆಳಗೆ ಹತ್ತು ನಿಮಿಷ ಅದನ್ನು ಸುಮ್ಮನೆ ಉರಿಸಿದರೆ ಏನು ಉಳಿತಾಯವಾಯಿತು? ಕಾರಿನ ನಾಲ್ಕೂ ಬಾಗಿಲುಗಳನ್ನು ಕೊಂಚ ಹೊತ್ತು ತೆರೆದಿಟ್ಟರೆ ಒಳಗಿನ ಬಿಸಿಗಾಳಿ ಬಹುಮಟ್ಟಿಗೆ ಹೊರಗೆ ಹೋಗುತ್ತದೆ. ಅನಂತರ ಒಬ್ಬರು ಕುಳಿತು ಇಂಜಿನನ್ನು ಹೊರಡಿಸಿ ಅಜ್ಜಿಯನ್ನು ಕರೆದರೆ ದಯೆಯೂ ಉಳಿಯಿತು, ಎಚ್ಚರವೂ ಉಳಿಯಿತು.

“ನಾವಿನ್ನೂ ಕಾರು ನಡೆಸುವ ವಯಸ್ಸಿನವರಲ್ಲ, ಈ ಮಾತು ನಮಗೇಕೆ?” ಎಂದು ಗೆಳೆಯರು ಕೇಳಬಹುದು. ರಿಮೋಟನ್ನು ಆಟದ ಸಾಮಾನೆಂದು ಹಿಡಿದು ಗುಂಡಿಯೊತ್ತುವವರು ಯಾರು? ನಿಂತ ಕಾರನ್ನು ತಟ್ಟಿ, ಅದು ಕೂಗಿದಾಗ ನಕ್ಕು ಓಡುವವರು ಯಾರು? ಮೊದಲು ಆ ಚೇಷ್ಟೆಯನ್ನು ಬಿಡೋಣ. ಮನೆಯ ಕಾರು ಕಾರಣವಿಲ್ಲದೆ ಕೂಗುತ್ತಿದ್ದರೆ ಅದರ ಸೂಕ್ಷ್ಮತೆಯನ್ನು ತಗ್ಗಿಸಿಕೊಡುವಂತೆ ಮೆಕ್ಯಾನಿಕ್ಕಿಗೆ ಹೇಳಿರೆಂದು ತಂದೆತಾಯಿಯರನ್ನು ವಿನಯದಿಂದ ಕೇಳೋಣ. ಹೊಸದಾಗಿ ಸ್ಟಾರ್ಟರು ಹಾಕಿಸುವವರಿಗೆ ಗೇರಿನ ಮಾತನ್ನೂ ಹೊಗೆಯ ಮಾತನ್ನೂ ತಿಳಿಸೋಣ. ಬೀದಿಯಲ್ಲಿ ಕಾರು ಕೂಗಿದಾಗ ಒಂದು ಸಲವಾದರೂ ಕಿಟಕಿಯಿಂದ ನೋಡೋಣ. ಸಂಶಯ ಬಂದರೆ ಮನೆಯ ಹಿರಿಯರನ್ನೋ ಕಾವಲುಗಾರರನ್ನೋ ಕರೆಯೋಣ.

ಕರ್ನಾಟಕದಿಂದ ದೂರವಿರುವ ಈ ಮಹಾನಗರದಲ್ಲಿ ನಮಗೆ ನೆರೆಯವರೇ ಬಂಧುಗಳು. ಕನ್ನಡಿಗರಾಗಲಿ ಪಂಜಾಬಿಗಳಾಗಲಿ, ಆಪತ್ತಿಗೆ ಬಾಗಿಲು ತೆರೆಯುವವರು ಅವರೇ. ಅಂಥವರ ನಿದ್ರೆಯನ್ನು ನಾವು ಕಾಪಾಡಿದರೆ ನಮ್ಮ ಸೊತ್ತನ್ನು ಅವರು ಕಾಪಾಡುವರು. ಆ ರಾತ್ರಿ ನಾವು ತೆರೆಯದ ಕಿಟಕಿಯನ್ನು ಮುಂದಿನ ಸಲ ತೆರೆಯುವೆವೆಂದು ನಿಶ್ಚಯಿಸಿದ್ದೇವೆ. ಓದುಗ ಗೆಳೆಯರೂ ಹಾಗೆಯೇ ನಿಶ್ಚಯಿಸುವರೆಂದು ನಂಬಿದ್ದೇವೆ.